ಸಾವಿಗಿರುವ ಪದ್ಧತಿ ಕಾಯಿಲೆಗೇಕಿಲ್ಲ?



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ದೊಡ್ಡ ವಿಷಯವನ್ನು ನಿರೀಕ್ಷಿಸುತ್ತಾರೆ. ನಾನು ಆರಿಸಿಕೊಂಡಿರುವುದು ಒಂದು ಮನೆಯಷ್ಟೇ ಅಗಲದ ವಿಷಯ. ನಮ್ಮ ಕರಾವಳಿಯ ಒಂದು ಕ್ರೈಸ್ತ ಕುಟುಂಬಕ್ಕೆ ಗಂಭೀರ ಕಾಯಿಲೆ ಬಂದೆರಗಿದಾಗ ಸುತ್ತಲಿನ ಜನ ಏನು ಮಾಡುತ್ತಾರೆ, ಏನು ಮಾಡದೆ ಬಿಡುತ್ತಾರೆ ಎಂಬುದನ್ನು ಈ ಒಂದು ಗಂಟೆಯಲ್ಲಿ ನಿಮ್ಮ ಮುಂದಿಡುತ್ತೇನೆ. ಚಿಕಿತ್ಸೆಯ ಬಗ್ಗೆ ಹೇಳಲು ನಾನು ವೈದ್ಯನಲ್ಲ. ಬೈಬಲಿನ ವ್ಯಾಖ್ಯಾನ ಗುರುಗಳ ಕೆಲಸ. ಇವೆರಡರ ನಡುವೆ ಅಡುಗೆಮನೆ, ಆಟೋ ಬಾಡಿಗೆ, ಶಾಲೆಯ ಹಾಜರಿ, ಆಸ್ಪತ್ರೆಯ ಬಿಲ್ಲು ಎಂದು ಒಂದಷ್ಟು ಜಾಗ ಉಳಿಯುತ್ತದಲ್ಲ, ನನ್ನ ಮಾತು ಅಲ್ಲಿಯದು.

ಮೊದಲು ಚುಟುಕಾಗಿ ಇತಿಹಾಸ, ಆಮೇಲೆ ಸ್ವಲ್ಪ ನಿಧಾನವಾಗಿ ಕಾಯಿಲೆಯ ಮನೆ, ಅದಾದ ಮೇಲೆ ಹಣ, ಕೊನೆಗೆ ಪ್ರಾರ್ಥನೆ ಮತ್ತು ಮಾತು. ಈ ಕ್ರಮದಲ್ಲಿ ಹೋಗೋಣ.

ರೋಗಿಯ ಆರೈಕೆ ಕ್ರೈಸ್ತ ಸಮುದಾಯಕ್ಕೆ ಮೊದಲಿನಿಂದಲೂ ಅಂಟಿಕೊಂಡು ಬಂದ ಕೆಲಸ. 3ನೇ ಶತಮಾನದಲ್ಲಿ ರೋಮನ್ ಸಾಮ್ರಾಜ್ಯಕ್ಕೆ ಪಿಡುಗು ಬಡಿದಾಗ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸ್, ತನ್ನ ಜನ ಸೋಂಕಿಗೆ ಹೆದರದೆ ರೋಗಿಗಳ ಪಕ್ಕ ನಿಂತದ್ದನ್ನೂ ಹಾಗೆ ನಿಂತವರಲ್ಲಿ ಅನೇಕರು ಸತ್ತದ್ದನ್ನೂ ಪತ್ರದಲ್ಲಿ ಬರೆದಿದ್ದಾನೆ. ಬಿಷಪ್ ತನ್ನವರನ್ನು ಹೊಗಳಿಕೊಳ್ಳುವುದು ಸಹಜವೆಂದು ನೀವು ಹೇಳಬಹುದು. ಹಾಗಿದ್ದರೆ ಇನ್ನೊಬ್ಬ ಸಾಕ್ಷಿ 4ನೇ ಶತಮಾನದ ಚಕ್ರವರ್ತಿ ಜೂಲಿಯನ್. ಇವನು ಕ್ರೈಸ್ತರ ಮಿತ್ರನಲ್ಲ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೊರಟವನು. ಈ ಜನ ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂದು ಅವನು ತನ್ನ ಪೂಜಾರಿಯೊಬ್ಬನಿಗೆ ಬರೆದ. ವಿರೋಧಿಯ ಈ ದೂರಿಗೆ ಹೊಗಳಿಕೆಗಿಂತ ಹೆಚ್ಚಿನ ಬೆಲೆಯಿದೆ. ಅದೇ ಶತಮಾನದಲ್ಲಿ ಸೆಸರೆಯದ ಬಿಷಪ್ ಬಾಸಿಲ್ ಊರ ಹೊರಗೆ ರೋಗಿಗಳಿಗಾಗಿ, ದಾರಿಹೋಕರಿಗಾಗಿ ದೊಡ್ಡ ವಸತಿಯನ್ನೇ ಕಟ್ಟಿಸಿದ.

ಅಲ್ಲಿಂದ ಸಾವಿರ ವರ್ಷ ದಾಟಿ ನಮ್ಮ ಹತ್ತಿರಕ್ಕೆ ಬರುತ್ತೇನೆ. 1498ರಲ್ಲಿ ಲಿಸ್ಬನ್ನಿನಲ್ಲಿ ರಾಣಿ ಲಿಯೊನೋರ್‌ಳ ಆಶ್ರಯದಲ್ಲಿ ಮಿಸೆರಿಕಾರ್ಡಿಯಾ ಎಂಬ ಸಹಾಯ ಸಂಘ ಹುಟ್ಟಿತು. ರೋಗಿಗಳನ್ನು ನೋಡಿಕೊಳ್ಳುವುದು, ಗತಿಯಿಲ್ಲದವರ ಶವಸಂಸ್ಕಾರ ಮಾಡುವುದು ಅದರ ಕೆಲಸಗಳಲ್ಲಿ ಸೇರಿದ್ದವು. 16ನೇ ಶತಮಾನದಲ್ಲಿ ಅದು ಗೋವೆಗೂ ಬಂತು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಹಿರಿಯರು ಆ ಗೋವೆಯಿಂದಲೇ ಇಳಿದುಬಂದವರು. ಮುಂದೆ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬಾಸೆಲ್ ಮಿಶನ್ನಿನ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆಯನ್ನು ಊರಿನವರು ಈಗಲೂ ಮಿಶನ್ ಆಸ್ಪತ್ರೆ ಎಂದೇ ಕರೆಯುತ್ತಾರೆ.

ಈ ಸಂಸ್ಥೆಗಳ ಬಗ್ಗೆ ನಮಗೆ ಹೆಮ್ಮೆಯಿದೆ, ಇರಬೇಕು. ಆದರೆ ಅವು ಬೆಳೆದಂತೆಲ್ಲ ನಮ್ಮಲ್ಲಿ ಒಂದು ಸೋಮಾರಿತನವೂ ಬೆಳೆಯಿತು ಎಂದು ನನಗೆ ಅನ್ನಿಸುತ್ತದೆ. ರೋಗಿಯನ್ನು ನೋಡಿಕೊಳ್ಳಲು ಆಸ್ಪತ್ರೆಯಿದೆ, ಸಿಸ್ಟರ್‌ಗಳಿದ್ದಾರೆ, ಇನ್ನು ನಮ್ಮ ಕೆಲಸ ಕಾಣಿಕೆ ಹಾಕುವುದು ಎಂಬ ಭಾವನೆ ಬಂತು. ಆಸ್ಪತ್ರೆ ರೋಗಿಯನ್ನು ಒಳಗೆ ಸೇರಿಸಿಕೊಳ್ಳುತ್ತದೆ, ರೋಗಿಯ ಮನೆಯನ್ನಲ್ಲ. ಇದನ್ನು ಚೆನ್ನಾಗಿ ಕಂಡುಕೊಂಡವನು ಪ್ಯಾರಿಸ್ಸಿನ ಒಬ್ಬ ವಿದ್ಯಾರ್ಥಿ, ಫ್ರೆಡರಿಕ್ ಒಜನಾಮ್. 1833ರಲ್ಲಿ ಅವನೂ ಕೆಲವು ಗೆಳೆಯರೂ ಸೇರಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಘಟಕಗಳು ಇಂದು ನಮ್ಮ ಅನೇಕ ಚರ್ಚುಗಳಲ್ಲಿವೆ. ಆಗ ಅವನಿಗೆ 20 ವರ್ಷ. ಇಲ್ಲಿ ಕುಳಿತಿರುವ ಪದವಿ ವಿದ್ಯಾರ್ಥಿಗಳ ಓರಗೆಯವನು. ಕಷ್ಟದಲ್ಲಿರುವವರನ್ನು ಕಚೇರಿಗೆ ಕರೆಸಬಾರದು, ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಬೇಕು, ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು ಎಂಬುದು ಆ ಸಭೆಯ ರೀತಿ.

ಇತಿಹಾಸ ಇಲ್ಲಿಗೆ ಸಾಕು. ಇನ್ನು ಮನೆಯೊಳಕ್ಕೆ ಹೋಗೋಣ.

ಬಂಟ್ವಾಳದ ಕಡೆ ಒಂದು ಮನೆ ಎಂದಿಟ್ಟುಕೊಳ್ಳಿ. ಮನೆ ಕಲ್ಪಿತ, ಅದರ ಪಾಡು ಕಲ್ಪಿತವಲ್ಲ. ಗಂಡ ಆಟೋ ಓಡಿಸುತ್ತಾನೆ, ಹೆಂಡತಿ ಬೀಡಿ ಕಟ್ಟುತ್ತಾಳೆ. ಮಗ ಪಿಯುಸಿ, ಮಗಳು ಎಂಟನೇ ಕ್ಲಾಸು, ಜೊತೆಗೆ ವಯಸ್ಸಾದ ಅತ್ತೆ. ನೆರೆಯ ತುಳುವರು ಬಾಯಮ್ಮ ಎಂದು ಕರೆಯುವ ಆ ಹೆಂಡತಿಗೆ ನಲವತ್ತರ ಆಸುಪಾಸಿನಲ್ಲೇ ಎರಡೂ ಕಿಡ್ನಿ ಕೈಕೊಡುತ್ತವೆ. ವಾರಕ್ಕೆ ಎರಡು ಅಥವಾ ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ ಡಯಾಲಿಸಿಸ್. ಹೋಗಿ ಬರುವುದೂ ಸೇರಿದರೆ ಆ ದಿನ ಮುಗಿದಂತೆ.

ಮೊದಲ ವಾರ ಮನೆ ತುಂಬ ಜನ. ಬಂದವರು ಬರಿಗೈಯಲ್ಲಿ ಬರುವುದಿಲ್ಲ: ಬೊಂಡ, ಬಾಳೆಹಣ್ಣು, ಮೂಸಂಬಿ ತರುತ್ತಾರೆ. ಕಿಡ್ನಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತುಹೋಗಬಹುದು, ಬೊಂಡದ ನೀರಿನಲ್ಲಿ ಅದು ಧಾರಾಳವಾಗಿದೆ. ಬಾಳೆಹಣ್ಣಿನಲ್ಲೂ ಇದೆ. ಕುಡಿಯುವ ನೀರಿಗೂ ದಿನಕ್ಕೆ ಇಷ್ಟೇ ಎಂಬ ಅಳತೆ. ಅಂದರೆ ಪ್ರೀತಿಯಿಂದ ತಂದದ್ದರಲ್ಲಿ ಹೆಚ್ಚಿನದನ್ನು ಆಕೆ ಮುಟ್ಟುವಂತಿಲ್ಲ, ತಂದವರಿಗೆ ಬೇಡವೆನ್ನಲೂ ಬಾಯಿ ಬರುವುದಿಲ್ಲ. ಯುವಕರು ರಕ್ತ ಕೊಡುತ್ತೇವೆಂದು ಓಡಿಬರುತ್ತಾರೆ, ನಮ್ಮ ಕರಾವಳಿಯ ಹುಡುಗರಿಗೆ ಇದರಲ್ಲಿ ಒಳ್ಳೆಯ ಹೆಸರಿದೆ. ಆದರೆ ಮುಂದೆ ಕಿಡ್ನಿ ಕಸಿ ಆಗಬೇಕಾದವರಿಗೆ ರಕ್ತ ಏರಿಸುವುದನ್ನು ವೈದ್ಯರು ಆದಷ್ಟು ತಪ್ಪಿಸುತ್ತಾರೆ. ಕೊಡಲು ಸಿದ್ಧವಿರುವುದು ಒಂದು, ಬೇಕಾಗಿರುವುದು ಇನ್ನೊಂದು.

ಬೇಕಾಗಿರುವುದು ಏನೆಂದು ನೋಡಿ. ಡಯಾಲಿಸಿಸ್‌ನ ದಿನ ಗಂಡ ಜೊತೆಗೆ ಹೋಗಬೇಕು, ಅಂದು ಆಟೋ ಸ್ಟ್ಯಾಂಡಿನಲ್ಲಿಲ್ಲ, ಅಂದರೆ ಸಂಪಾದನೆಯಿಲ್ಲ. ಡಯಾಲಿಸಿಸ್‌ನ ಸೂಜಿ ಚುಚ್ಚಲು ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡ ಮೇಲೆ ಆ ಕೈಯಿಂದ ಕೊಡಪಾನ ಎತ್ತುವಂತಿಲ್ಲ. ಬೀಡಿ ಕಟ್ಟುವ ಮೊರದ ಮುಂದೆ ಗಂಟೆಗಟ್ಟಲೆ ಕೂರುವ ತ್ರಾಣವಿಲ್ಲ, ಬೀಡಿಯ ಮಜೂರಿಯೂ ನಿಂತಿತು. ಅತ್ತೆಗೆ ಗಂಜಿ ಬಡಿಸುವವರಿಲ್ಲ. ಹೀಗೆ ಒಂದೊಂದಾಗಿ ಕಳಚುತ್ತಾ ಬಂದು ಕೊನೆಗೆ ಎಲ್ಲ ಭಾರ ಬೀಳುವುದು ಎಂಟನೇ ಕ್ಲಾಸಿನ ಹುಡುಗಿಯ ಮೇಲೆ. ಹುಡುಗನ ಮೇಲಲ್ಲ, ಗಮನಿಸಿ. ಅವಳು ಶಾಲೆಗೆ ಹೋಗದ ದಿನಗಳು ಹೆಚ್ಚುತ್ತವೆ. ಯಾವ ವೈದ್ಯರ ಚೀಟಿಯಲ್ಲೂ ಬರೆಯದ ರೋಗಲಕ್ಷಣ ಇದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇದೇ ಮನೆಯಲ್ಲಿ ನಾಳೆ ಒಂದು ಸಾವಾದರೆ ಏನಾಗುತ್ತದೆ? ಚರ್ಚಿನ ಗಂಟೆ ಮೊಳಗುತ್ತದೆ. ವಾಡೊದ, ಅಂದರೆ ಚರ್ಚಿನ ವಾರ್ಡಿನ, ಮುಖಂಡನಾದ ಗುರಿಕಾರ ಅರ್ಧ ಗಂಟೆಯಲ್ಲಿ ಹಾಜರು. ಪೆಟ್ಟಿಗೆ ತರುವವರು, ಸಿಮಿತ್ರಿಯಲ್ಲಿ ಹೊಂಡ ತೋಡಿಸುವವರು, ಪರವೂರಿನ ಸಂಬಂಧಿಕರಿಗೆ ಫೋನು ಮಾಡುವವರು, ಬಂದವರಿಗೆ ಚಾ ಕಾಸುವವರು, ಯಾರಿಗೆ ಯಾವ ಕೆಲಸವೆಂದು ಯಾರೂ ಕೇಳುವುದಿಲ್ಲ. ಮನೆಯವರು ಅಳುತ್ತಾ ಕೂತಿರಬಹುದು, ಅಷ್ಟು ಬಿಡುವನ್ನು ಸಮುದಾಯ ಅವರಿಗೆ ಮಾಡಿಕೊಡುತ್ತದೆ. ಏಳನೇ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ ಎಂದು ನೆನಪಿಗೂ ಒಂದು ಕ್ಯಾಲೆಂಡರ್ ಇದೆ. ಸಾವನ್ನು ಹೊರುವುದು ನಮಗೆ ಗೊತ್ತು, ಏಕೆಂದರೆ ಸಾವಿಗೆ ನಮ್ಮಲ್ಲಿ ಪದ್ಧತಿಯಿದೆ. ಮದುವೆಗೂ ಇದೆ. ವರ್ಷಗಟ್ಟಲೆ ಎಳೆಯುವ ಕಾಯಿಲೆಗೆ ಇಲ್ಲ. ನಮ್ಮ ಜನ ಒಳ್ಳೆಯವರಲ್ಲವೆಂದು ನಾನು ಹೇಳುತ್ತಿಲ್ಲ. ಅದೇ ಜನ, ಅದೇ ಗುರಿಕಾರ. ಯಾವಾಗ, ಯಾರು, ಏನು ಎಂದು ಮೊದಲೇ ಗೊತ್ತಿಲ್ಲದ ಕಡೆ ಒಳ್ಳೆಯತನ ಬಾಗಿಲಲ್ಲಿ ನಿಂತು, ಏನು ಬೇಕಾದರೂ ಹೇಳಿ ಎಂದು ಹೊರಟುಹೋಗುತ್ತದೆ. ಆ ಮಾತನ್ನು ಪ್ರಾಮಾಣಿಕವಾಗಿಯೇ ಆಡುತ್ತಾರೆ. ಆದರೆ ಕೇಳುವ ಕೆಲಸ ಮತ್ತೆ ಆ ಮನೆಯವರ ಮೇಲೇ ಬಿತ್ತು. ಬುಧವಾರ ರಾತ್ರಿಯ ಊಟ ನಮ್ಮ ಮನೆಯಿಂದ, ಉಪ್ಪು ಎಷ್ಟಿರಬೇಕು ಹೇಳಿ ಎಂದು ಕೇಳಿದರೆ ಮಾತಿನ ಜಾತಿಯೇ ಬೇರೆ.

ಮಾರ್ಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತರುವ ಪ್ರಸಂಗ ನಿಮಗೆ ಗೊತ್ತಿದೆ. ಗುಂಪು ದಾರಿ ಬಿಡಲಿಲ್ಲವೆಂದು ಮಾಡು ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸಿದರು. ರೋಗಿಯೊಬ್ಬನ ವಿಶ್ವಾಸವನ್ನಲ್ಲ, ಅವರೆಲ್ಲರ ವಿಶ್ವಾಸವನ್ನು ಯೇಸು ಕಂಡನೆಂದು ಅಲ್ಲಿ ಬರುತ್ತದೆ. ನನಗೆ ಆ ಕಥೆಯಲ್ಲಿ ಹಿಡಿಸುವುದು ಇನ್ನೊಂದು ಅಂಶ. ಹಾಸಿಗೆಗೆ ನಾಲ್ಕು ಮೂಲೆ, ಮೂಲೆಗೆ ಒಬ್ಬ. ಒಬ್ಬ ಮೊದಲೇ ಇಳಿಸಿದರೆ ರೋಗಿ ಉರುಳುತ್ತಾನೆ. ಅವರು ಮೊದಲೇ ಮಾತಾಡಿಕೊಂಡಿರಲೇಬೇಕು.

ಹಾಗಾದರೆ ವಾಡೊ ಮಾಡಬಹುದಾದದ್ದೇನು? ಕೆಲಸ ತೀರ ಸರಳ. ಮನೆಯವರು ಒಬ್ಬರೊಂದಿಗೆ ಮಾತಾಡಿದರೆ ಸಾಕು, ನಲವತ್ತು ಜನರಿಗೆ ರಿಪೋರ್ಟು ಒಪ್ಪಿಸಬೇಕಾಗಿಲ್ಲ. ಆ ಒಬ್ಬರು ಗುರಿಕಾರರೇ ಆಗಬೇಕೆಂದಿಲ್ಲ. ರೋಗಿ ಹೆಂಗಸಾದರೆ ಸ್ತ್ರೀ ಸಂಘಟನೆಯ ಒಬ್ಬರು ಹೆಚ್ಚು ಉಪಯುಕ್ತ, ಏಕೆಂದರೆ ಆಕೆ ಗಂಡಸರಿಗೆ ಹೇಳದ ಸಂಗತಿಗಳು ಬಹಳ. ಡಯಾಲಿಸಿಸ್‌ನ ಮೂರು ದಿನಗಳಲ್ಲಿ ಎರಡು ದಿನ ಬೇರೆ ಯಾರಾದರೂ ಜೊತೆಗೆ ಹೋದರೆ ಗಂಡನ ಆಟೋ ಎರಡು ದಿನ ಓಡುತ್ತದೆ. ಇದಕ್ಕಿಂತ ದೊಡ್ಡ ಧನಸಹಾಯ ಇಲ್ಲ. ಸಂಜೆ ಹುಡುಗಿಯನ್ನು ಓದಲು ತಮ್ಮ ಮನೆಯಲ್ಲಿ ಕೂರಿಸಿಕೊಳ್ಳುವ ಒಬ್ಬ ಟೀಚರ್ ವಾಡೊದಲ್ಲಿ ಇದ್ದೇ ಇರುತ್ತಾರೆ. ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಹೊಸ ಅಕ್ಕಿಯ ಪಾಲನ್ನು ದೂರದ ಮಕ್ಕಳಿಗೆ ತಪ್ಪದೆ ಕಳಿಸುವ ಜನ ನಾವು. ಆ ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಡಯಾಲಿಸಿಸ್ ವಾರ್ಡಿನಲ್ಲಿರುವವರಿಗೂ ಒಂದು ಚಮಚ ತಲುಪಿಸುವುದು ನಮಗೆ ಕಷ್ಟವಲ್ಲ, ವೈದ್ಯರನ್ನು ಕೇಳಿ ಕೊಡಿ ಅಷ್ಟೆ.

ಕಸಿಯ ವಿಚಾರ ಬಂದಾಗ ನೆರೆಹೊರೆಯ ಪ್ರೀತಿಗೆ ಕಾನೂನು ಅಡ್ಡ ನಿಲ್ಲುತ್ತದೆ, ನಿಲ್ಲಲೇಬೇಕು. 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಗಂಡ, ಹೆಂಡತಿ, ಹೆತ್ತವರು, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿದರು. ಇವರ ಹೊರಗಿನವರು ಅಂಗ ಕೊಡಬೇಕಾದರೆ ಅಧಿಕೃತ ಸಮಿತಿಯ ಮುಂದೆ ಹೋಗಬೇಕು, ಹಣದ ವ್ಯವಹಾರವಿಲ್ಲವೆಂದು ಅದಕ್ಕೆ ಮನವರಿಕೆಯಾಗಬೇಕು. ಬಡವರ ಕಿಡ್ನಿ ಮಾರಾಟ ತಡೆಯಲು ಬಂದ ಬಿಗಿ ಇದು. ಆ ಬಿಗಿಯ ಒಳಗೇ ಕೊಟ್ಟವರೂ ಇದ್ದಾರೆ. ಕೇರಳದ ತ್ರಿಶ್ಶೂರಿನ ಪಾದ್ರಿ ಡೇವಿಸ್ ಚಿರಮ್ಮೆಲ್ 2009ರಲ್ಲಿ ತಮ್ಮ ಒಂದು ಕಿಡ್ನಿಯನ್ನು ಹಿಂದೂ ವ್ಯಕ್ತಿಯೊಬ್ಬರಿಗೆ ಕೊಟ್ಟರು. 2016ರಲ್ಲಿ ಪಾಲಾ ಧರ್ಮಪ್ರಾಂತದ ಆಗಿನ ಸಹಾಯಕ ಬಿಷಪ್ ಜೇಕಬ್ ಮುರಿಕ್ಕನ್ ಅವರೂ ಒಬ್ಬ ಹಿಂದೂ ಯುವಕನಿಗೆ ಕೊಟ್ಟರು. ಪಾದ್ರಿಗಳಿಗೆ ಹೆಂಡತಿ ಮಕ್ಕಳಿಲ್ಲ, ಅವರಿಗದು ಸುಲಭ ಎಂದು ಯಾರೋ ಅಂದದ್ದನ್ನು ಕೇಳಿದ್ದೇನೆ. ಸುಲಭವಿದ್ದರೆ ಇನ್ನಷ್ಟು ಮಂದಿ ಮಾಡುತ್ತಿದ್ದರು.

ಕಸಿಯಾಗಿ ಮನೆಗೆ ಬಂದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳನ್ನು ದಿನವೂ ನುಂಗಬೇಕು, ಹಾಗಾಗಿ ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯ ಹೆಚ್ಚು. ಆಗ ಮನೆಗೆ ಹೋಗದಿರುವುದೇ ಉಪಕಾರ. ನೋಡಲು ಬರಲಿಲ್ಲವೆಂದು ಮುನಿಸಿಕೊಳ್ಳುವ ನಮ್ಮ ಸಮಾಜದಲ್ಲಿ ಇದನ್ನು ಅಲ್ತಾರಿನಿಂದಲೇ ಫಾದರ್ ಹೇಳಿದರೆ ಮನೆಯವರು ಬಚಾವಾಗುತ್ತಾರೆ.

ಮುಂದಿನ ಭಾಗ, ಹಣ. ಇಲ್ಲಿ ಭಾವುಕತೆಗಿಂತ ಕಾಗದಪತ್ರ ಹೆಚ್ಚು ಕೆಲಸ ಮಾಡುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಜಾರಿಗೆ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಕೇಂದ್ರದ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು, ಸರಕಾರಿ ಆಸ್ಪತ್ರೆಗಳಲ್ಲಿ ಆ ಸೌಲಭ್ಯವಿದೆ. ರೆಫರಲ್ ಚೀಟಿಯಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಓಡಿ, ಎರಡು ಲಕ್ಷ ಖರ್ಚಾದ ಮೇಲೆ ಕಾರ್ಡು ಹುಡುಕುವವರನ್ನು ನಾನು ಬಹಳ ಕಂಡಿದ್ದೇನೆ. ಚಂದಾ ಎತ್ತುವುದಕ್ಕೆ ಮೊದಲು ಪಡಿತರ ಚೀಟಿ, ಆಧಾರ್, ರೆಫರಲ್ ಇವನ್ನು ಒಂದು ಫೈಲಿಗೆ ಸೇರಿಸಿಕೊಡುವ ಒಬ್ಬ ನಿವೃತ್ತ ಬ್ಯಾಂಕ್ ನೌಕರ ಐವತ್ತು ದಾನಿಗಳಿಗೆ ಸಮ.

ಯೋಜನೆ ಆಸ್ಪತ್ರೆಗೆ ಕೊಡುತ್ತದೆ. ಬಸ್ಸಿನ ಚಾರ್ಜು, ಜೊತೆಗಿರುವವರ ಊಟ, ನಿಂತುಹೋದ ಮಜೂರಿ, ಆಟೋದ ಸಾಲದ ಕಂತು ಯಾವ ಪ್ಯಾಕೇಜಿನಲ್ಲೂ ಇಲ್ಲ. ಸಮುದಾಯದ ಹಣ ಹೋಗಬೇಕಾದದ್ದು ಅಲ್ಲಿಗೆ. ಲೂಕನ ಸುವಾರ್ತೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ ಹಚ್ಚಿ ಮುಗಿಸಲಿಲ್ಲ. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಅದು ಆ ಕಾಲದ ಸುಮಾರು ಎರಡು ದಿನಗಳ ಕೂಲಿ. ಹೆಚ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದೂ ಹೇಳಿದ. ಆ ಎರಡನೇ ಮಾತನ್ನು ಪ್ರಸಂಗದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಒಮ್ಮೆ ಐವತ್ತು ಸಾವಿರ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ತಿಂಗಳಿಗೆ ಎರಡು ಸಾವಿರದಂತೆ ಎರಡು ವರ್ಷ ಕೊಡುವುದು ದೀರ್ಘ ಕಾಯಿಲೆಗೆ ಹೊಂದುವ ದಾನ.

ಫೋಟೋ ಎಂದೆ. ವಾಟ್ಸಾಪಿನಲ್ಲಿ ಬರುವ ಮನವಿಗಳನ್ನು ನೀವೆಲ್ಲ ನೋಡಿದ್ದೀರಿ: ಮೂಗಿಗೆ ನಳಿಕೆ ಹಾಕಿ ಮಲಗಿರುವ ರೋಗಿ, ಪಕ್ಕದಲ್ಲಿ ಕಣ್ಣೀರಿನ ಮಗು, ಕೆಳಗೆ ಬ್ಯಾಂಕಿನ ಖಾತೆ. ಹಣ ಬರುತ್ತದೆ, ಸುಳ್ಳಲ್ಲ. ಆದರೆ ರೋಗಿ ಹುಷಾರಾಗಿ, ಮಗು ಶಾಲೆಗೆ ಮರಳಿದ ಮೇಲೂ ಆ ಚಿತ್ರ ವರ್ಷಗಳಾದರೂ ಮೊಬೈಲುಗಳಲ್ಲಿ ಸುತ್ತುತ್ತಿರುತ್ತದೆ. ಆಮೇಲೆ ಆ ಮನೆಯವರು ಮಗಳ ಕಮ್ಯುನಿಯನ್ನಿಗೆ ಒಂದು ಹೊಸ ಉಡುಪು ಹೊಲಿಸಿದರೂ ನಮ್ಮ ದುಡ್ಡಿನಲ್ಲಿ ಎಂಬ ಪಿಸುಮಾತು. ಒಜನಾಮನ ಸಭೆ ಕಂಡದ್ದನ್ನು ಹೊರಗೆ ಆಡಬಾರದೆಂದು ಇಟ್ಟುಕೊಂಡ ಕಟ್ಟು ಇಂಥ ಕಡೆ ಅರ್ಥವಾಗುತ್ತದೆ. ಮನವಿ ಬೇಕಾದರೆ ಚರ್ಚಿನ ಹೆಸರಿನಲ್ಲಿ, ಚರ್ಚ್ ಪಾಲನಾ ಮಂಡಳಿಯ ಖಾತೆಗೆ ಹೋಗಲಿ. ಮುಖ ಬೇಡ.

ಇನ್ನು ಕೊನೆಯ ಭಾಗ, ಪ್ರಾರ್ಥನೆ ಮತ್ತು ಮಾತು.

ರೋಗಿಗಳ ಅಭ್ಯಂಗ ಸಂಸ್ಕಾರ ಹಿಂದೆ ಸಾಯುವ ಹೊತ್ತಿನ ಸಂಸ್ಕಾರವಾಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ಗಂಭೀರ ಕಾಯಿಲೆಯ ಆರಂಭದಲ್ಲೂ ಪಡೆಯಬಹುದೆಂದು ಸ್ಪಷ್ಟಪಡಿಸಿತು, 1972ರಲ್ಲಿ ವಿಧಿಯೂ ಹೊಸದಾಯಿತು. ಆದರೂ ಹಳ್ಳಿಗಳಲ್ಲಿ ಫಾದರ್ ಎಣ್ಣೆ ಹಿಡಿದು ಬಂದರೆ ಮುದುಕಿಯರು ಗೋಡೆಯ ಕಡೆ ತಿರುಗುತ್ತಾರೆ, ತಮ್ಮ ಕಥೆ ಮುಗಿಯಿತೆಂದು. ವಾಡೊದವರು ಒಟ್ಟಾಗಿ ತೇರ್ಸ್, ಅಂದರೆ ಜಪಮಾಲೆ, ಮುಗಿಸಿ, ಎಲ್ಲರ ನಡುವೆ ಹಗಲು ಹೊತ್ತಿನಲ್ಲಿ ಈ ಸಂಸ್ಕಾರ ನಡೆದರೆ ಆ ಹೆದರಿಕೆ ಕರಗುವುದನ್ನು ಕಂಡವರಿದ್ದಾರೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಭಾಪಾಲಕರೂ ಹಿರಿಯರೂ ಮನೆಗೆ ಬಂದು ಪ್ರಾರ್ಥಿಸುವ ವಾಡಿಕೆಯೂ ಇದೇ ಕೆಲಸ ಮಾಡುತ್ತದೆ.

ತೊಂದರೆ ಪ್ರಾರ್ಥನೆಯಿಂದಲ್ಲ, ಪ್ರಾರ್ಥನೆ ಮುಗಿದ ಮೇಲೆ ಚಾ ಕುಡಿಯುತ್ತಾ ಆಡುವ ಮಾತಿನಿಂದ. ದೇವರು ಪ್ರೀತಿಸುವವರಿಗೇ ಕಷ್ಟ ಕೊಡುತ್ತಾನೆ ಎನ್ನುವವರಿದ್ದಾರೆ. ವಿಶ್ವಾಸ ಸಾಲದು, ಧ್ಯಾನಕೂಟಕ್ಕೆ ಹೋಗಿ, ಡಯಾಲಿಸಿಸ್ ಬಿಟ್ಟು ನೋಡಿ ಎನ್ನುವವರೂ ಇದ್ದಾರೆ. ಈ ಕೊನೆಯ ಸಲಹೆ ಕೊಲ್ಲುತ್ತದೆ, ಬೇರೆ ಮಾತಿಲ್ಲ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತಿದ್ದಷ್ಟು ಹೊತ್ತು ಚೆನ್ನಾಗಿಯೇ ಇದ್ದರು, ಬಾಯಿ ತೆರೆದು ಕಾರಣ ವಿವರಿಸತೊಡಗಿದಾಗ ಕೆಟ್ಟರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ತೆರೆದ ಸಿಸಿಲಿ ಸೌಂಡರ್ಸ್ ಗಾಢ ವಿಶ್ವಾಸದ ಕ್ರೈಸ್ತ ಮಹಿಳೆ. ನೋವಿಗೆ ದೇಹದ ಮುಖ ಮಾತ್ರವಲ್ಲ, ಮನಸ್ಸಿನ, ಮನೆಯ, ಆತ್ಮದ ಮುಖಗಳೂ ಇವೆಯೆಂದು ವೈದ್ಯಲೋಕಕ್ಕೆ ಮನಗಾಣಿಸಿದವರು ಅವರು. ಹಾಗೆಂದು ಅವರು ಉಪದೇಶ ಮಾಡಹೊರಡಲಿಲ್ಲ. ಮೊದಲು ಮಾರ್ಫಿನನ್ನು ಹೊತ್ತುಹೊತ್ತಿಗೆ ಸರಿಯಾಗಿ ಕೊಡುವ ಕ್ರಮವನ್ನು ನೆಲೆಗೊಳಿಸಿದರು.

ಇಲ್ಲಿಯವರೆಗೆ ವಾಡೊ, ಗುರಿಕಾರ ಎಂದು ಹೇಳಿದ್ದೆಲ್ಲ ಕರಾವಳಿಗೆ ಸಲ್ಲುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಘಟ್ಟದ ಮೇಲೆ ಒಂದೇ ಒಂದು ಕ್ರೈಸ್ತ ಮನೆಯಿರುವ ಹಳ್ಳಿಗಳು ಎಷ್ಟೋ. ಅಲ್ಲಿ ಸಮುದಾಯವೆಂದರೆ ಎದುರು ಮನೆಯ ಗೌಡರು, ಪಕ್ಕದ ಮನೆಯ ಸಾಬರು, ಸ್ವಸಹಾಯ ಗುಂಪಿನ ಹೆಂಗಸರು. ಕರಾವಳಿಯಲ್ಲೂ ಬಾಯಮ್ಮನ ಅತ್ತೆಗೆ ಮಧ್ಯಾಹ್ನದ ಗಂಜಿ ಕೊಡುವವಳು ಜೊತೆಗೆ ಬೀಡಿ ಕಟ್ಟುತ್ತಿದ್ದ ತುಳು ಹೆಂಗಸೇ ಆಗಿರುವ ಸಾಧ್ಯತೆ ಹೆಚ್ಚು. ವಾಡೊ ಪಟ್ಟಿ ಮಾಡುವಾಗ ಅವಳನ್ನೂ ಕೇಳಬೇಕು. ಆ ಮನೆಯ ಸ್ಥಿತಿ ಗುರಿಕಾರನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮುಗಿಸುವ ಮೊದಲು, ಯಾರೂ ಬಾಯಿಬಿಟ್ಟು ಆಡದ ಒಂದು ವ್ಯವಹಾರದ ಸಂಗತಿ. ಚಂದಾ ಎತ್ತಿದ ಹಣದಲ್ಲಿ ಅರ್ಧ ಉಳಿದಿರುವಾಗಲೇ ರೋಗಿ ತೀರಿಕೊಂಡರೆ ಆ ಹಣ ಯಾರದು? ಮಕ್ಕಳ ಓದಿಗೋ, ಆಟೋದ ಸಾಲಕ್ಕೋ, ಮುಂದಿನ ರೋಗಿಗೋ? ಶವಸಂಸ್ಕಾರ ಮುಗಿಸಿ ಬಂದ ಸಂಜೆ ಇದನ್ನು ಕೇಳಿದರೆ ಕ್ರೌರ್ಯ, ಕೇಳದೆ ಬಿಟ್ಟರೆ ಆರು ತಿಂಗಳಲ್ಲಿ ಮನಸ್ತಾಪ. ಮೊದಲ ರೂಪಾಯಿ ಎತ್ತುವ ದಿನವೇ, ಮನೆಯವರನ್ನು ಕೂರಿಸಿಕೊಂಡು, ಇದನ್ನು ಬರೆದಿಡಬೇಕು. ನನ್ನ ಮಟ್ಟಿಗೆ ಆ ಹಣ ಮನೆಯದೇ, ರೋಗಿ ಹೋದರೂ ಕಾಯಿಲೆ ಮಾಡಿದ ಸಾಲ ಹೋಗುವುದಿಲ್ಲವಲ್ಲ. ಇದನ್ನು ಒಪ್ಪದವರು ಈ ಸಭೆಯಲ್ಲೇ ಇರಬಹುದು, ಅವರ ವಾದವನ್ನೂ ಕೇಳಲು ಸಿದ್ಧನಿದ್ದೇನೆ. ಪ್ರಶ್ನೋತ್ತರಕ್ಕೆ ಸಮಯವಿದೆಯೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ.